ಕಂಬಳಿ ಹೊದ್ದು ಬಜಪೆಗೆ ಹೋದ ಜೇನು

ಸಾಹೇಬರು ಬಾಗಿಲಿಗೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ, ಏಕೆಂದರೆ ಆ ಹೊತ್ತಿಗೆ ಸಾಹೇಬ ನಾನೇ ಆಗಿದ್ದೆ. ಕಚೇರಿಯ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಇಲ್ಲದ ಕನ್ನಡಕವನ್ನು ಒಂದು ಬೆರಳಲ್ಲಿ ಮೇಲಕ್ಕೆ ತಳ್ಳುತ್ತ, "ಏನಯ್ಯಾ, ಜೇನು ಅಂದ್ರೆ ಶಿಸ್ತು, ಶಿಸ್ತು ಅಂದ್ರೆ ಜೇನು. ನೀನು ಎರಡೂ ಅಲ್ಲ" ಎಂದು ಮೇಸ್ತ್ರಿಯನ್ನು ಗದರಿಸುತ್ತಿದ್ದೆ. ನಗುತ್ತಿದ್ದ ಮೇಸ್ತ್ರಿ ಬಾಯಿ ಮುಚ್ಚಿ ಎದ್ದು ನಿಂತರು. ನಾನು ತಿರುಗಿದೆ.

"ಯಾಕಯ್ಯಾ ನಿಲ್ಲಿಸಿಬಿಟ್ಟೆ?" ಎಂದರು ನಿಜವಾದ ಸಾಹೇಬರು. "ಚೆನ್ನಾಗೇ ಇತ್ತು. ಕೊಡೆ ಮಾತ್ರ ನಾನು ಎಡಗಡೆ ಇಟ್ಕೋತೀನಿ."

ಭಾಗಮಂಡಲದ ಕಡೆಯ ನಮ್ಮ ಸಣ್ಣ ಜೇನು ಕಚೇರಿಯಲ್ಲಿ ಆಗ ಇದ್ದವರು ನಾಲ್ಕೇ ಜನ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಆ ಹೊಸ ಸಂಬಂಧದ ಬಳುವಳಿಯ ಹಾಗೆ ಸಾಹೇಬರು ಮೈಸೂರಿನಿಂದ ಬಂದಿದ್ದರು. ಜೇನು ಮೇಸ್ತ್ರಿ ಊರಿನವರೇ, ಅರೆಭಾಷೆಯ ರೈತ ಮನೆಯ ಹಿರಿಯರು. ಜೀಪಿಗೆ ಡ್ರೈವರ್ ಕಾಕ, ಮನೆಮಾತು ಮಲಯಾಳ. ನಾಲ್ಕನೆಯವನು ನಾನು, ಹಂಗಾಮಿ ಫೀಲ್ಡ್‌ಮನ್. ಜೂನ್ ತಿಂಗಳಲ್ಲಿ ಖಾಯಂ ಆಗುವ ಆಸೆ ಇಟ್ಟುಕೊಂಡು ಏಪ್ರಿಲ್ ತಿಂಗಳಲ್ಲಿ ಸಾಹೇಬರ ಹೊಟ್ಟೆಯನ್ನು ಅಣಕಿಸಿದ ಬುದ್ಧಿವಂತ.

ಮರುದಿನ ಆರ್ಡರು ಬಂತು. ನಾಲ್ಕು ಪೆಟ್ಟಿಗೆ ತುಡುವೆ ಜೇನು ಬೊಂಬಾಯಿ ಕಡೆಯ ಒಂದು ಜೇನು ತೋಟಕ್ಕೆ ಹೋಗಬೇಕು. ರೈಲಿನಲ್ಲಿ ಕಳಿಸಿದರೆ ದಾರಿಯಲ್ಲೇ ಸಾಯುತ್ತವೆ, ಆದ್ದರಿಂದ ಬಜಪೆಯಿಂದ ವಿಮಾನದಲ್ಲಿ. ಪೆಟ್ಟಿಗೆಗಳನ್ನು ಅಲ್ಲಿಯವರೆಗೆ ಒಯ್ದು, ಜೀವ ಇರುವಾಗ ವಿಮಾನ ಹತ್ತಿಸಿ, ರಸೀದಿ ತರುವ ಕೆಲಸ ನನ್ನದು. ಮೇಸ್ತ್ರಿಗೆ ಮಂಡಿನೋವು; ಅಷ್ಟು ದೂರ ಜೀಪಿನಲ್ಲಿ ಕೂರಲಾರರು.

"ಬಾಯಿ ಇದೆಯಲ್ಲ ನಿನಗೆ, ಏರೋಡ್ರಮ್ಮಿನಲ್ಲಿ ಉಪಯೋಗಕ್ಕೆ ಬರುತ್ತೆ" ಎಂದರು ಸಾಹೇಬರು. "ನಾಲ್ಕೂ ಜೀವಂತ ಹೋದರೆ ಜೂನ್ ವಿಷಯ ಮಾತಾಡೋಣ. ಹೋಗದಿದ್ರೆ ಮಾತಾಡೋಕೆ ಏನೂ ಇರಲ್ಲ."

ನಾನು "ಆಗಲಿ ಸಾರ್" ಎಂದೆ. ಕಾಕನನ್ನು ಬಿಟ್ಟರೆ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ನನ್ನ ಬಳಿ ಇತ್ತು.

ಹಿಂದಿನ ವರ್ಷ ಒಂದೇ ಒಂದು ಜೇನು ನನ್ನ ಕುತ್ತಿಗೆಗೆ ಕಚ್ಚಿತ್ತು. ಅದಕ್ಕೆ ಮೊದಲು ಎಷ್ಟೋ ಕಚ್ಚಿದ್ದವು, ಉಜ್ಜಿಕೊಂಡು ನಕ್ಕಿದ್ದೆ. ಆ ಸಲ ಮೈ ತುಂಬ ದದ್ದು ಎದ್ದು, ತುಟಿ ಊದಿ, ಗಂಟಲು ಒಳಗಿನಿಂದ ಯಾರೋ ಹುರಿ ಎಳೆದ ಹಾಗೆ ಮುಚ್ಚಿಕೊಂಡಿತು. ಕಾಕ ಜೀಪನ್ನು ಹಾರಿಸಿಕೊಂಡು ಮಡಿಕೇರಿ ಆಸ್ಪತ್ರೆಗೆ ಒಯ್ದಿದ್ದರು. ಸೂಜಿ ಚುಚ್ಚಿದ ಡಾಕ್ಟರು ನಾನು ಉಸಿರಾಡುವುದನ್ನು ನೋಡಿಕೊಂಡು ಹೇಳಿದ್ದರು: "ಇನ್ನೊಂದು ಸಲ ಕಚ್ಚಿದರೆ ಇಲ್ಲಿಗೆ ತಲುಪುವಷ್ಟು ಹೊತ್ತು ಸಿಗುತ್ತೆ ಅಂತ ನಾನು ಹೇಳಲಾರೆ. ಬೇರೆ ಕೆಲಸ ನೋಡಿಕೋ." ಕಚೇರಿಯಲ್ಲಿ ನಾನು ಜ್ವರ ಎಂದು ರಜೆ ಬರೆದೆ. ಜೇನು ಮುಟ್ಟಲಾಗದ ಫೀಲ್ಡ್‌ಮನ್‌ನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಂದಿನಿಂದ ಪೆಟ್ಟಿಗೆ ತೆರೆಯುವ ಕೆಲಸ ಬಂದಾಗಲೆಲ್ಲ ಏನಾದರೊಂದು ಅಣಕು ಮಾಡಿ ಮೇಸ್ತ್ರಿಯನ್ನು ನಗಿಸಿ, ಕೆಲಸ ಅವರಿಂದಲೇ ಮಾಡಿಸುತ್ತಿದ್ದೆ. ಒಂದು ವರ್ಷ ಹೀಗೆ ಬದುಕಿದೆ. ನನ್ನ ತಮಾಷೆಯ ಒಳಗೆ ಇದ್ದದ್ದು ಇಷ್ಟೇ.

ಹೊರಡುವ ಹಿಂದಿನ ದಿನ ಸಾಹೇಬರು ಟೈಪು ಮಾಡಿದ ಒಂದು ಪಟ್ಟಿ ಕೊಟ್ಟರು. ಮೇಲಿನ ಜೇನು ಕೋಣೆ ತೆಗೆಯತಕ್ಕದ್ದು. ಮುಚ್ಚಳದ ಬದಲು ತಂತಿ ಬಲೆ ಹೊಡೆಯತಕ್ಕದ್ದು. ತುಪ್ಪ ತುಂಬಿ ಭಾರವಾದ ಹೊಸ ಮೇಣದ ಎರಿಗಳನ್ನು ಇಡಕೂಡದು. ಸಂಜೆ ಎಲ್ಲ ಹುಳ ಒಳಗೆ ಬಂದ ಮೇಲೆ ಗೇಟು ಮುಚ್ಚತಕ್ಕದ್ದು. ದಾರಿಯಲ್ಲಿ ನೀರು ಚಿಮುಕಿಸತಕ್ಕದ್ದು. ಪ್ರತಿಯೊಂದರ ಎದುರು ನಾನು ಕಣ್ಣಾರೆ ನೋಡಿ ಗುರುತು ಹಾಕಿ ರುಜು ಮಾಡಬೇಕು.

ಸಂಜೆ ಮೇಸ್ತ್ರಿ ಜೇನು ಪೆಟ್ಟಿಗೆಗಳ ನಡುವೆ ಕೆಲಸ ಮಾಡುತ್ತಿದ್ದರು. ನಾನು ಹತ್ತು ಮಾರು ದೂರದಲ್ಲಿ, ಹಲಸಿನ ಮರಕ್ಕೆ ಬೆನ್ನು ಕೊಟ್ಟು ಪಟ್ಟಿ ಹಿಡಿದಿದ್ದೆ. ಮುಖಬಲೆ ಅವರಿಗೆ ಬೇಡ, ಕೈಗವಸು ಬೇಡ. ಕೈ ನೀರಿನೊಳಗೆ ಆಡಿದ ಹಾಗೆ ಆಡುತ್ತದೆ. ಬಾಯಿ ಮುಚ್ಚಿದ್ದರೂ ಮೂಗಿನಿಂದ ಸಣ್ಣದೊಂದು ಗುಂಯ್‌ಗುಡುವಿಕೆ ಬರುತ್ತಿರುತ್ತದೆ. ಅದನ್ನು ನಾನು ಅವರ ಬೆನ್ನ ಹಿಂದೆ ಎಷ್ಟು ಸಲ ಅಣಕಿಸಿದ್ದೇನೋ.

"ಬಲೆ ಹಾಕಿ ಆತಾ?" ಎಂದು ದೂರದಿಂದಲೇ ಕೂಗಿದೆ.

"ಹಾಕಿ ಆತ್." ಅವರು ದಬ್ಬಳಕ್ಕೆ ಹುರಿ ಪೋಣಿಸುತ್ತಿದ್ದರು. "ಅದ್ರ ಮೇಲೆ ಕಂಬಳಿ ಹೊಲಿತೊಳೆ."

"ಕಂಬಳಿ ಎಂತಕ್ಕೆ?"

"ಮೇಲೆ ಚಳಿ ಉಟ್ಟು ಮಾರಾಯ. ನಮ್ಮ ಈ ಬೆಟ್ಟಲೇ ಇಷ್ಟು ಚಳಿ, ಮೋಡಂದ ಮೇಲೆ ಹೋದರೆ ಹುಳಗಳ ಗತಿ ಎಂತ? ಬುತ್ತಿನೂ ಇಟ್ಟೊಳೆ. ತುಂಬಿದ ಎರಿ, ಪೆಟ್ಟಿಗೆಗೆ ಎರಡೆರಡು. ದಾರಿಲಿ ಹಸಿಬಾರ್ದಲ್ಲ."

ನಮ್ಮ ಕಡೆ ಆಷಾಢದ ಮಳೆಗೆ ಜೇನು ಪೆಟ್ಟಿಗೆಗಳಿಗೆ ಗೋಣಿ, ಕಂಬಳಿ ಸುತ್ತಿ ಬೆಚ್ಚಗಿಡುವುದು ವಾಡಿಕೆ. ಚಳಿಯಿಂದ ಹುಳ ಸತ್ತದ್ದನ್ನು ಮೇಸ್ತ್ರಿ ನೋಡಿದ್ದರು. ಸೆಕೆಯಿಂದ ಸತ್ತದ್ದನ್ನು ಜನ್ಮದಲ್ಲಿ ನೋಡಿರಲಿಲ್ಲ. ಆದರೆ ಪಟ್ಟಿ ನನ್ನ ಕೈಯಲ್ಲೇ ಇತ್ತು. ಭಾರದ ಎರಿ ಇಡಕೂಡದು. ಬಲೆ ಇರುವುದೇ ಗಾಳಿಗೆ. ಹೇಳಬೇಕಿತ್ತು. ಹೇಳಿದರೆ ಕಂಬಳಿ ಬಿಚ್ಚಿ ಪೆಟ್ಟಿಗೆ ಮತ್ತೆ ತೆರೆಯಬೇಕಾಗುತ್ತಿತ್ತು. ಅವರ ಮಂಡಿಗೆ ಆಗುವುದಿಲ್ಲ, "ನೀ ಬಾ, ಹಿಡಿ" ಎನ್ನುತ್ತಿದ್ದರು. ನಾನು ಹಲಸಿನ ಮರದ ಬುಡದಲ್ಲೇ ನಿಂತು ಎಲ್ಲದರ ಎದುರೂ ಗುರುತು ಹಾಕಿ, ಸೊಗಸಾಗಿ ರುಜು ಮಾಡಿದೆ.

ಬೆಳಗಿನ ಜಾವ ಹೊರಟೆವು. ಹಿಂದೆ ನಾಲ್ಕು ಪೆಟ್ಟಿಗೆ, ಮುಂದೆ ಕಾಕ ಮತ್ತು ನಾನು. ಮೇಸ್ತ್ರಿ ಒಂದು ಚೀಲ ಕೊಟ್ಟಿದ್ದರು: ಹೊಗೆ ತಿದಿ, ಸಣ್ಣ ಕತ್ತಿ, ಬಾಳೆ ನಾರಿನ ಕಟ್ಟು, ಒಂದು ಮುಖಬಲೆ. ಮಡಿಕೇರಿ ದಾಟಿ ಸಂಪಾಜೆ ಘಾಟಿಗೆ ಇಳಿಯುವಾಗ ಬೆಳಕಾಯಿತು. ಆಗ ನೋಡಿದೆ: ನನ್ನ ಎದುರಿನ ಗಾಜಿನ ಮೇಲೆ ಒಂದು ಜೇನು ಕೂತಿತ್ತು. ಗೇಟು ಮುಚ್ಚುವಾಗ ಹೊರಗುಳಿದದ್ದು, ಕಂಬಳಿಗೆ ಅಂಟಿಕೊಂಡು ಬಂದಿರಬೇಕು.

"ಕಾಕಾ, ಜೀಪು ನಿಲ್ಸಿ."

"ಈ ತಿರುವಿನಲ್ಲಾ? ಹಿಂದೆ ಲಾರಿ ಉಂಟು ಮೋನೆ." ಹೀಗೆ ಮಗನೇ ಎಂದು ಕರೆಯುವ ಕಾಕನಿಗೆ ಆ ಆಸ್ಪತ್ರೆಯ ದಿನ ನೆನಪಿತ್ತು, ಅವರ ದನಿ ತಗ್ಗಿತು. "ಅಲ್ಲಾಡ್ಬೇಡ. ಕೂತಿದ್ದು ಕೂತಿರ್ಲಿ. ನೀನು ಅದನ್ನ ನೋಡ್ಬೇಡ, ರೋಡು ನೋಡು."

"ರೋಡು ನೋಡಿದ್ರೂ ಹೆದರಿಕೆ ಆಗ್ತದೆ ಕಾಕಾ."

"ಅದು ನನ್ನ ಹೆದರಿಕೆ. ಅದನ್ನ ನನಗೆ ಬಿಡು."

ಘಾಟಿ ಮುಗಿಯುವವರೆಗೆ ನಾನು ಕಾಲರನ್ನು ಎರಡೂ ಕೈಯಲ್ಲಿ ಕುತ್ತಿಗೆಗೆ ಒತ್ತಿ ಹಿಡಿದಿದ್ದೆ. ಸಂಪಾಜೆಯಲ್ಲಿ ಜೀಪು ನಿಲ್ಲಿಸಿ, ಬಾಗಿಲ ಪರದೆ ಎತ್ತಿದಾಗ ಅದು ತನ್ನಷ್ಟಕ್ಕೆ ಹಾರಿ ಹೋಯಿತು. ಕಾಕ ಬೀಡಿ ಹಚ್ಚಿ, "ಎಲ್ಲರನ್ನೂ ಆಡಿಕೊಳ್ತಿ. ನಿನ್ನ ಮುಖ ಈಗ ಹೇಗಿತ್ತು ಅಂತ ಮಾಡಿ ತೋರಿಸು ನೋಡುವ" ಎಂದರು. ಮಾಡಿ ತೋರಿಸಿದೆ. ಇಬ್ಬರೂ ನಕ್ಕೆವು. ಆ ದಿನದ ನಗು ಅಲ್ಲಿಗೆ ಮುಗಿಯಿತು.

ಸುಳ್ಯ ದಾಟುವಾಗ ಸೆಕೆ ಶುರುವಾಯಿತು. ಪಟ್ಟಿಯಲ್ಲಿ ಇದ್ದಂತೆ ನೀರು ಚಿಮುಕಿಸಿದೆ. ಅಂದರೆ ನಾಲ್ಕು ಹೆಜ್ಜೆ ದೂರ ನಿಂತು ಚೊಂಬಿನಿಂದ ಎರಚಿದೆ. ಪುತ್ತೂರಿನಲ್ಲಿ ಮತ್ತೆ, ಪಾಣೆಮಂಗಳೂರಿನ ಸೇತುವೆಯ ಹತ್ತಿರ ಮತ್ತೆ. ಕಂಬಳಿ ನೀರು ಕುಡಿದು ಭಾರವಾಯಿತು. ಒದ್ದೆ ಕಂಬಳಿ ಗಾಳಿ ಬಿಡುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ನಾನು ನೀರು ಹಾಕಿದಷ್ಟೂ ಅವುಗಳ ಮೂಗು ಮುಚ್ಚುತ್ತಿದ್ದೆ.

ಆದರೆ ಕಿವಿ ಸುಮ್ಮನಿರಲಿಲ್ಲ. ಅಣಕಿಸುವವನಿಗೆ ದೇವರು ಕೊಟ್ಟದ್ದು ಕಿವಿ ಒಂದೇ. ಜೇನು ಪೆಟ್ಟಿಗೆಗೆ ಕೆಲವು ದನಿಗಳುಂಟು. ಹೊಟ್ಟೆ ತುಂಬಿ ಕೂತಾಗ ದೂರದ ಹಿಟ್ಟಿನ ಗಿರಣಿಯಂತೆ ಸಣ್ಣಗೆ. ಸೆಕೆಯಾದಾಗ ಎಲ್ಲವೂ ರೆಕ್ಕೆ ಬೀಸಿ ಬೋರ್ಗರೆಯುತ್ತವೆ. ರಾಣಿ ಇಲ್ಲದಾಗ ಸಾವಿನ ಮನೆಯಲ್ಲಿ ಹೆಂಗಸರು ಅತ್ತ ಹಾಗೆ ಎದ್ದು ಬಿದ್ದು ನರಳುತ್ತವೆ. ಉಸಿರು ಕಟ್ಟಿದರೆ ದನಿಯೇ ಇಲ್ಲ. ಇವೆಲ್ಲವನ್ನೂ ನಾನು ಬಾಯಲ್ಲಿ ಮಾಡಬಲ್ಲೆ, ಕೊನೆಯದನ್ನು ಬಿಟ್ಟು. ಬಂಟ್ವಾಳ ಕಳೆದಾಗ ನಾಲ್ಕೂ ಬೋರ್ಗರೆಯುತ್ತಿದ್ದವು.

"ಬೇಗ ಕಾಕಾ" ಎಂದೆ.

"ಇದಕ್ಕಿಂತ ಬೇಗ ಹೋಗಲಿಕ್ಕೆ ಆ ವಿಮಾನದ್ದೇ ಇಂಜಿನ್ ಬೇಕು" ಎಂದರು ಕಾಕ.

ಬಜಪೆಯ ಗುಡ್ಡ ಹತ್ತಿದಾಗ ಹತ್ತೂವರೆ. ಗುಡ್ಡದ ತಲೆ ಬೋಳಿಸಿ ಕೆಂಪು ಮುರಕಲ್ಲಿನ ಬಯಲು ಮಾಡಿದ್ದರು. ಸುತ್ತ ಗೇರು ಮರ. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ ಬಡವರ ಜೇಬಿನಂತೆ ಜೋತುಬಿದ್ದಿತ್ತು; ಅಂದರೆ ಒಂದು ಹುಲ್ಲು ಅಲ್ಲಾಡುವಷ್ಟೂ ಗಾಳಿ ಇಲ್ಲ. ವಿಮಾನ ನಿಲ್ದಾಣವೆಂದರೆ ಅರಮನೆಯಂಥದ್ದು ಎಂದುಕೊಂಡಿದ್ದೆ. ಇದ್ದದ್ದು ನಮ್ಮ ತಾಲೂಕು ಕಚೇರಿಯಷ್ಟು ಕಟ್ಟಡ. ಒಳಗೆ ಉದ್ದ ಬೆಂಚು, ಗೋಡೆ ಗಡಿಯಾರ, ಮೇಜಿನ ಹಿಂದೆ ಬಿಳಿ ಷರಟಿನ ಗುಮಾಸ್ತರು, ಪಕ್ಕದಲ್ಲಿ ದೊಡ್ಡ ತಕ್ಕಡಿ. ಬೆಂಚಿನಲ್ಲಿ ಏಳೆಂಟು ಜನ ಪ್ರಯಾಣಿಕರು, ಅವರಲ್ಲಿ ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಇಷ್ಟು ಇಸ್ತ್ರಿ ಹಾಕಿದ ಜನರನ್ನು ನಾನು ಒಟ್ಟಿಗೆ ನೋಡಿರಲೇ ಇಲ್ಲ.

ಕಾಕ ಮತ್ತು ಒಬ್ಬ ಹಮಾಲಿ ಪೆಟ್ಟಿಗೆಗಳನ್ನು ತಕ್ಕಡಿಯ ಹತ್ತಿರ ಇಳಿಸಿದರು. ಹಮಾಲಿ ಎರಡನೆಯದಕ್ಕೆ ಕಿವಿ ಕೊಟ್ಟವನೇ ಕೈ ಬಿಟ್ಟ.

"ಇದ್ರೊಳಗೆ ಎಂತ ಉಂಟು ದಣಿ? ಮೋಟರಾ?"

"ಜೇನು" ಎಂದೆ.

ಅವನು ಗೋಡೆಯವರೆಗೆ ಹಿಂದೆ ಸರಿದ. ಬೆಂಚಿನಿಂದ ಇಬ್ಬರು ಎದ್ದರು. ಗುಮಾಸ್ತರು ಮಾತ್ರ ಒಂದು ಫಾರಮು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಶಾಂತವಾಗಿ ಕೇಳಿದರು: "ಜೀವಂತ ಪ್ರಾಣಿ. ಎಷ್ಟುಂಟು?"

"ನಾಲ್ಕು ಪೆಟ್ಟಿಗೆ."

"ಪೆಟ್ಟಿಗೆ ಅಲ್ಲ ಮಾರಾಯ್ರೆ, ಪ್ರಾಣಿ. ಇಲ್ಲಿ ತಲೆ ಲೆಕ್ಕ ಬರೀಲಿಕ್ಕುಂಟು."

"ಎಣಿಸ್ಲಿಕ್ಕೆ ಆಗೋದಿಲ್ಲ ಸಾರ್. ಸಾವಿರಗಟ್ಟಲೆ."

"ಮತ್ತೆ ನಾನೆಂತ ಬರೀಲಿ?"

ಬೇರೆ ದಿನವಾಗಿದ್ದರೆ ಅವರ ಆ "ಮತ್ತೆ ನಾನೆಂತ ಬರೀಲಿ" ಎಂಬ ರಾಗ ನನಗೆ ಒಂದು ತಿಂಗಳ ಊಟವಾಗುತ್ತಿತ್ತು. ಆ ದಿನ "ನಾಲ್ಕು ರಾಣಿ, ಪರಿವಾರ ಸಮೇತ ಅಂತ ಬರೀರಿ" ಎಂದೆ. ಅವರು ಸ್ವಲ್ಪ ಯೋಚಿಸಿ ಹಾಗೆಯೇ ಬರೆದರು. ತೂಕವಾಯಿತು. ಸಾಮಾನು ಪಡೆದುಕೊಂಡ ರಸೀದಿಗೆ ಮುದ್ರೆ ಬಿತ್ತು. "ಪ್ರಾಣಿಗಳು ಸುಸ್ಥಿತಿಯಲ್ಲಿವೆ" ಎಂಬ ಸಾಲಿನ ಕೆಳಗೆ ರುಜು ಮಾಡಿದೆ. ಅದು ಎರಡನೆಯ ಸುಳ್ಳು ರುಜು.

ವಿಮಾನ ಹನ್ನೊಂದೂವರೆಗೆ ಬರಬೇಕಿತ್ತು. ಹನ್ನೆರಡಾಯಿತು. "ತಡ ಉಂಟು, ಒಂದು ಗಂಟೆಗೆ" ಎಂದರು ಗುಮಾಸ್ತರು. ಪೆಟ್ಟಿಗೆಗಳನ್ನು ಪ್ರಯಾಣಿಕರಿಂದ ದೂರ, ಹಿಂದಿನ ಜಗಲಿಗೆ ಒಯ್ದಿಟ್ಟೆವು. ನಾನು ಒಳಗೆ ಬೆಂಚಿನ ತುದಿಯಲ್ಲಿ ಕೂತೆ. ನಮ್ಮ ನಡುವೆ ಒಂದು ಗೋಡೆ ಇತ್ತು. ಆ ಗೋಡೆ ನನಗೆ ಬಹಳ ಇಷ್ಟವಾಯಿತು.

ಹನ್ನೆರಡೂಕಾಲರ ಸುಮಾರಿಗೆ ಒಂದು ದನಿ ಕಡಿಮೆಯಾಯಿತು.

ಬೆಂಚಿನಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಅವರಿಗೆ ಅದು ಒಂದೇ ಗದ್ದಲ. ನನಗೆ ನಾಲ್ಕು ಬಾಯಿ. ಒಂದು ಬಾಯಿ ತೊದಲುತ್ತಿತ್ತು. ಬೋರ್ಗರೆತ ಒಡೆದು, ನಡುನಡುವೆ ತುಂಡಾಗಿ, ಒದ್ದೆ ಬಟ್ಟೆ ಬಡಿದ ಹಾಗೆ. ಎರಿ ಕಳಚಿ ಬಿದ್ದಿದೆ ಎಂದು ಗೊತ್ತಾಯಿತು. ತುಂಬಿದ ಎರಿಯ ಮೇಣ ಸೆಕೆಗೆ ಮೆತ್ತಗಾಗಿ ಮುರಿದು, ಜೇನುತುಪ್ಪ ಹರಿದು, ಹುಳಗಳು ಅದರಲ್ಲಿ ಮುಳುಗುತ್ತಿವೆ. ಮೇಸ್ತ್ರಿ ಪ್ರೀತಿಯಿಂದ ಕಟ್ಟಿದ ಬುತ್ತಿ.

ಜೇಬಿನಲ್ಲಿ ಮುದ್ರೆ ಬಿದ್ದ ರಸೀದಿ ಇತ್ತು. ಸುಮ್ಮನೆ ಕೂತಿದ್ದರೆ ಮುಗಿಯುತ್ತಿತ್ತು. ವಿಮಾನ ಬರುತ್ತದೆ, ಹಮಾಲಿಗಳು ಎತ್ತಿಡುತ್ತಾರೆ, ಬೊಂಬಾಯಿಯಲ್ಲಿ ಕಂಬಳಿ ಬಿಚ್ಚಿದವರು ಸತ್ತ ಜೇನು ನೋಡಿ ತಂತಿ ಕಳಿಸುತ್ತಾರೆ. ಮೋಡದ ಮೇಲೆ ಏನಾಯಿತೋ ಯಾರಿಗೆ ಗೊತ್ತು? ಸಾಹೇಬರು ವಿಮಾನವನ್ನು ಬೈದಾರು. ಜೂನ್ ತಿಂಗಳು ಬಂದೀತು. ಎದ್ದು ಹೋದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಕಂಬಳಿ ಬಿಚ್ಚಬೇಕು, ಆ ಒಂದನ್ನು ತೆರೆಯಬೇಕು. ತೆರೆಯುವವನು ನಾನೇ, ಬೇರೆ ಯಾರೂ ಇಲ್ಲ. ಇಲ್ಲಿಂದ ಆಸ್ಪತ್ರೆ ಎಷ್ಟು ದೂರವೆಂದು ನಾನು ದಾರಿಯಲ್ಲಿ ಬರುವಾಗಲೇ ಲೆಕ್ಕ ಹಾಕಿದ್ದೆ. ಬಹಳ ದೂರ.

ಎಷ್ಟು ಹೊತ್ತು ಕೂತಿದ್ದೆನೋ. ಎದುರಿಗಿದ್ದ ಹೆಂಗಸಿನ ಕೂಸು ಸೆಕೆಗೆ ಅಳುತ್ತಿತ್ತು. ಆಕೆ ಅದರ ಮೈಮೇಲಿದ್ದ ಬಟ್ಟೆಯನ್ನೆಲ್ಲ ತೆಗೆದು ಸೆರಗಿನಲ್ಲಿ ಗಾಳಿ ಬೀಸುತ್ತಿದ್ದಳು. ಗೋಡೆಯಾಚೆ ಆ ತೊದಲು ಇನ್ನೂ ಸಣ್ಣದಾಯಿತು. ನಾನು ಬಾಯಲ್ಲಿ ಮಾಡಲಾರದ ಆ ದನಿಯ ಹತ್ತಿರ ಬಂದಿತ್ತು. ಎದ್ದೆ. ಧೈರ್ಯದಿಂದ ಎದ್ದೆ ಎಂದು ಬರೆದರೆ ಮೂರನೆಯ ಸುಳ್ಳಾಗುತ್ತದೆ. ಆ ಮೌನವನ್ನು ಕೂತು ಕೇಳುವ ಶಕ್ತಿ ನನಗಿರಲಿಲ್ಲ, ಅಷ್ಟೆ.

"ಸಾರ್, ನಾಲ್ಕು ಹೋಗೋದಿಲ್ಲ. ಮೂರೇ. ಒಂದನ್ನು ಹೊರಗೆ ಬಿಚ್ಚಬೇಕು" ಎಂದೆ ಗುಮಾಸ್ತರಿಗೆ.

"ರಸೀದಿ ಆಗಿದೆಯಲ್ಲ ಮಾರಾಯ್ರೆ?"

"ಸುಸ್ಥಿತಿ ಅಂತ ಬರೆದದ್ದು ಸುಳ್ಳು. ಹೊಡೆದು ಹಾಕಿ ಬೇರೆ ಬರೀರಿ."

ಅವರು ನನ್ನ ಮುಖ ನೋಡಿದರು. ಏನು ಕಂಡಿತೋ, ಕಿಟಕಿಯ ಬಾಗಿಲುಗಳನ್ನು ಮುಚ್ಚಲು ತಾವೇ ಎದ್ದರು.

ಜಗಲಿಯಲ್ಲಿ ಕಾಕ ಆಗಲೇ ನಿಂತಿದ್ದರು. ನಾನು ಚೀಲದಿಂದ ಕತ್ತಿ ತೆಗೆದಾಗ ನನ್ನ ಕೈ ಹಿಡಿದುಕೊಂಡರು. "ನನಗೆ ಹೇಳು. ನಾನು ಮಾಡ್ತೇನೆ."

"ಹೊಲಿಗೆ ಕತ್ತರಿಸಿಕೊಡಿ ಸಾಕು. ಒಳಗಿನದು ನಿಮಗೆ ಗೊತ್ತಾಗೋದಿಲ್ಲ."

"ನಿನಗೆ ಏನಾದ್ರೂ ಆದ್ರೆ ನಿನ್ನ ಅಮ್ಮನಿಗೆ ನಾನು ಎಂತ ಹೇಳ್ಲಿ?"

"ಜ್ವರ ಅಂತ ಹೇಳಿ" ಎಂದೆ. ಅವರು ನಗಲಿಲ್ಲ.

ಮೂರು ಪೆಟ್ಟಿಗೆಗಳ ಕಂಬಳಿಯ ಹೊಲಿಗೆಯನ್ನು ಕಾಕ ಕತ್ತರಿಸಿದರು. ಕಂಬಳಿ ಜಾರಿದ ಕೂಡಲೇ ತಂತಿ ಬಲೆಯ ಕೆಳಗೆ ಕಪ್ಪಗೆ ಹುಳಗಳು ಉಕ್ಕಿ ಬಂದವು. ಬೋರ್ಗರೆತ ಒಮ್ಮೆ ಏರಿ, ಗಾಳಿ ಸಿಕ್ಕಿದ ಮೇಲೆ ನಿಧಾನವಾಗಿ ಇಳಿಯತೊಡಗಿತು. ಗೋಡೆಗೆ ಅಂಟಿ ನಿಂತಿದ್ದ ಹಮಾಲಿ ಯಾರೂ ಹೇಳದೆಯೇ ಕೊಡದಲ್ಲಿ ನೀರು ತಂದು, ಕೈಯಲ್ಲಿ ಹನಿಹನಿಯಾಗಿ ಬಲೆಯ ಮೇಲೆ ಚಿಮುಕಿಸಿದ. "ಪಾಪ ದಣಿ, ಬಾಯಾರಿಕೆ ಅದಕ್ಕೆ" ಎಂದ.

ನಾಲ್ಕನೆಯದನ್ನು ಕಾಕ ಮತ್ತು ನಾನು ಹೊತ್ತು ಐವತ್ತು ಮಾರು ದೂರದ ಗೇರು ಮರದ ನೆರಳಿಗೆ ಒಯ್ದೆವು. ಅಡಿಯಿಂದ ಜೇನುತುಪ್ಪ ಸೋರಿ ನನ್ನ ಮುಂಗೈಗೆ ಇಳಿಯುತ್ತಿತ್ತು. ಕಾಕನನ್ನು ಜೀಪಿನ ಹತ್ತಿರ ಕಳಿಸಿದೆ; ಇಂಜಿನ್ ಚಾಲೂ ಮಾಡಿ ಇಟ್ಟುಕೊಳ್ಳಿ ಎಂದೆ. ಮುಖಬಲೆ ಹಾಕಿಕೊಂಡೆ. ಒಣ ಎಲೆ ತುರುಕಿ ತಿದಿ ಹಚ್ಚಿದೆ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಮೂರು ಕಡ್ಡಿ ಹಾಳಾದವು. ನಡುಗುವ ಕೈಯನ್ನು ಜೇನು ಸಹಿಸುವುದಿಲ್ಲ.

ನನ್ನ ಕೈಯಿಂದ ಆಗುವುದಿಲ್ಲವೆಂದು ಖಚಿತವಾದಾಗ ಹೊಳೆದ ಉಪಾಯ ಒಂದೇ. ನನಗೆ ಬರುವ ಕೆಲಸವೂ ಅದೊಂದೇ. ಮೇಸ್ತ್ರಿಯಾದೆ.

ಬಲಗಾಲನ್ನು ಅವರ ಹಾಗೆ ಸ್ವಲ್ಪ ಎಳೆದೆ. ಬೆನ್ನು ಬಗ್ಗಿಸಿದೆ. ಭುಜ ಕೆಳಗೆ ಬಿಟ್ಟೆ. ಬಾಯಿ ಮುಚ್ಚಿ ಮೂಗಿನಿಂದ ಆ ಗುಂಯ್‌ಗುಡುವಿಕೆ ಶುರುಮಾಡಿದೆ. ಉಸಿರು ಬಿಡುವಾಗ ಮಾತ್ರ ದನಿ, ಎಳೆದುಕೊಳ್ಳುವಾಗ ಇಲ್ಲ. ಅವರ ಹಾಗೆ ದನಿ ತೆಗೆಯಬೇಕಾದರೆ ಅವರ ಹಾಗೆಯೇ ಉಸಿರಾಡಬೇಕು. ಆ ಉಸಿರಿಗೆ ಅವಸರವೇ ಇಲ್ಲವೆಂದು ನನಗೆ ಆಗಲೇ ತಿಳಿದದ್ದು. ಕೈ ನೀರಿಗೆ ಇಳಿದ ಹಾಗೆ ಇಳಿಯಿತು. ಕಂಬಳಿ ಕತ್ತರಿಸಿದೆ, ಬಲೆಯ ಮೊಳೆ ಮೀಟಿದೆ, ಬಲೆ ಎತ್ತಿದೆ.

ಏಳು ಚೌಕಟ್ಟುಗಳಲ್ಲಿ ಮೂರರ ಎರಿ ಮುರಿದು ಒಂದರ ಮೇಲೊಂದು ಬಿದ್ದಿತ್ತು. ಅಡಿಯಲ್ಲಿ ಎರಡು ಬೆರಳು ಜೇನುತುಪ್ಪ, ಅದರಲ್ಲಿ ಹೊಳೆಯುವ ಕಪ್ಪು ಕಾಳಿನಂತೆ ಸತ್ತ ಹುಳ. ಬದುಕಿದ್ದವು ಎದ್ದು ಬಂದು ಗೇರಿನ ಕೊಂಬೆಗೆ, ನನ್ನ ತೋಳಿಗೆ, ಬಲೆಗೆ ಕೂತವು. ಒಂದೊಂದೇ ಎರಿ ಎತ್ತಿ ಎಲೆಯ ಮೇಲಿಟ್ಟೆ. ರಾಣಿ ಕಾಣಲಿಲ್ಲ. ಸುತ್ತಲಿನ ದನಿ ಅಳುವಿನ ಕಡೆಗೆ ವಾಲತೊಡಗಿತು.

ಆಗ ಕುತ್ತಿಗೆಯ ಮೇಲೆ ಏನೋ ಹರಿದಾಡಿತು. ಮುಖಬಲೆಯ ಒಳಗೆ. ಆರು ಸಣ್ಣ ಕಾಲು, ಹಳೆಯ ಜಾಗದಲ್ಲೇ.

ಆ ಕ್ಷಣದ ಬಗ್ಗೆ ಎಷ್ಟೋ ಸಲ ಬರೆಯಲು ಕೂತಿದ್ದೇನೆ, ಸರಿಯಾಗುವುದಿಲ್ಲ. ಜಗತ್ತಿನಲ್ಲಿ ನನ್ನ ಕುತ್ತಿಗೆ ಒಂದೇ ಇತ್ತು. ಓಡಬೇಕು, ಹೊಡೆಯಬೇಕು, ಕಿರುಚಬೇಕು ಎಂದು ಇಡೀ ಮೈ ಹೇಳಿತು. ಓಡಿದರೆ ಮೇಸ್ತ್ರಿ ಕಳಚಿ ಬೀಳುತ್ತಾರೆ, ನಾನು ಹೊರಗೆ ಬರುತ್ತೇನೆ. ನಾನು ಹೊರಬಂದರೆ ಕಚ್ಚುತ್ತದೆ. ಅದೇ ಹೊತ್ತಿಗೆ ಪಶ್ಚಿಮದಿಂದ ಗುಡುಗಿನಂತೆ ದನಿ ಬಂತು. ಡಕೋಟಾ ವಿಮಾನ ಗೇರು ಮರಗಳ ಮೇಲೆ ಬಂದು, ನೆಲ ನಡುಗಿಸುತ್ತ ಬಯಲಿಗೆ ಇಳಿಯಿತು. ಜನ್ಮದಲ್ಲಿ ಮೊದಲ ಸಲ ಹತ್ತಿರಕ್ಕೆ ಬಂದ ವಿಮಾನವನ್ನು ನಾನು ತಿರುಗಿ ನೋಡಲಿಲ್ಲ. ಗುಂಯ್‌ಗುಡುತ್ತಲೇ ಎರಡೂ ಕೈ ಮೇಲಕ್ಕೆ ಒಯ್ದು, ಮುಖಬಲೆಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ತಲೆಯಿಂದ ಎತ್ತಿ ತೆಗೆದೆ. ಬರಿಯ ಮುಖ, ಬರಿಯ ಕುತ್ತಿಗೆ, ಸುತ್ತ ಸಾವಿರ ಹುಳ. ಆ ಆರು ಕಾಲು ಕಿವಿಯ ಹಿಂದೆ ಹತ್ತಿ, ಅಲ್ಲಿ ಸ್ವಲ್ಪ ನಿಂತು, ಹಾರಿಹೋಯಿತು.

ಮುಂದಿನ ಎರಿಯ ಅಡಿಯಲ್ಲಿ ರಾಣಿ ಸಿಕ್ಕಿತು. ಉದ್ದಕ್ಕೆ, ಕಪ್ಪಗೆ, ಅರ್ಧ ಮೈಗೆ ತುಪ್ಪ ಮೆತ್ತಿಕೊಂಡು ನಡೆಯುತ್ತಿತ್ತು. ಮರಿ ಇದ್ದ ಎರಿಯ ತುಂಡುಗಳನ್ನು ಚೌಕಟ್ಟಿಗೆ ಇಟ್ಟು, ಮೇಸ್ತ್ರಿ ಕಟ್ಟುವ ಹಾಗೆಯೇ ಬಾಳೆ ನಾರಿನಿಂದ ಕಟ್ಟಿದೆ. ರಾಣಿಯನ್ನು ಅದರೊಂದಿಗೆ ಒಳಗಿಟ್ಟೆ. ಗೇಟು ತೆರೆದಿಟ್ಟು, ಹಿಂದೆ ಹಿಂದೆ ಹೆಜ್ಜೆ ಇಟ್ಟು ಜೀಪಿನವರೆಗೆ ಬಂದೆ. ಅಲ್ಲಿ ಮೇಸ್ತ್ರಿ ನನ್ನನ್ನು ಬಿಟ್ಟು ಹೋದರು. ಕೆಂಪು ಮಣ್ಣಿನಲ್ಲಿ ಕೂತೆ. ಕಾಕ ನನ್ನ ಕುತ್ತಿಗೆ, ಕಿವಿ, ಕೈ ಎಲ್ಲ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಮುಳ್ಳೂ ಇರಲಿಲ್ಲ.

ಗುಮಾಸ್ತರು ಹೊಸ ಫಾರಮು ಬರೆದಿದ್ದರು: ಮೂರು ರಾಣಿ, ಪರಿವಾರ ಸಮೇತ. ಹಮಾಲಿ ಮೂರನ್ನೂ ಬರಿ ಬಲೆಯೊಂದಿಗೆ ವಿಮಾನಕ್ಕೆ ಒಯ್ದು, ಗಾಳಿ ಆಡುವಂತೆ ಸುತ್ತ ಜಾಗ ಬಿಟ್ಟು ಇಡಿಸಿದ. ಈ ಸಲ ಪೆಟ್ಟಿಗೆಗಳ ಹತ್ತಿರ ಬಗ್ಗಿ, ಕಿವಿಕೊಟ್ಟು ಕೇಳಿ, ಆಮೇಲೆ ರುಜು ಮಾಡಿದೆ. ವಿಮಾನ ಬಯಲಿನ ತುದಿಯವರೆಗೆ ಓಡಿ ಎದ್ದಾಗ ನೋಡಲು ಪುರುಸೊತ್ತಿತ್ತು. ನೋಡಿದೆ. ಆ ಶಬ್ದವನ್ನು ಮಾತ್ರ ಇಂದಿಗೂ ಬಾಯಲ್ಲಿ ತರಲು ಆಗಿಲ್ಲ.

ಗೇರು ಮರದ ಹುಳಗಳು ಪೆಟ್ಟಿಗೆಗೆ ಮರಳಲು ಸಂಜೆಯವರೆಗೆ ಕಾದೆವು. ಕತ್ತಲಾಗುವ ಹೊತ್ತಿಗೆ ಗೇಟು ಮುಚ್ಚಿದವನೂ ನಾನೇ. ಕಂಬಳಿ ಹಾಕಲಿಲ್ಲ.

ಮರುದಿನ ಸಾಹೇಬರ ಮೇಜಿನ ಮೇಲೆ ಪಟ್ಟಿ ಇಟ್ಟು, ಹಲಸಿನ ಮರದ ಬುಡದಲ್ಲಿ ನಿಂತು ಗುರುತು ಹಾಕಿದ್ದನ್ನು ಹೇಳಿದೆ. ಜ್ವರದ ರಜೆಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ಮೇಲೆ ತಳ್ಳಿ ಪಟ್ಟಿಯ ಕೆಳಗಿನ ನನ್ನ ರುಜುವನ್ನು ನೋಡಿದರು.

"ಸುಳ್ಳು ರುಜುವಿಗೆ ಜೂನ್ ಹೋಯ್ತು" ಎಂದರು. "ಜೇನಿನ ಹತ್ತಿರ ನಿನ್ನ ಬಿಟ್ರೆ ನನಗೆ ನಿದ್ದೆ ಬರಲ್ಲ. ಪೊನ್ನಂಪೇಟೆಯಲ್ಲಿ ಒಂದು ಗುಮಾಸ್ತನ ಕೆಲಸ ಇದೆ, ಹಂಗಾಮಿನೇ. ಬರೆದುಕೊಡ್ತೀನಿ. ಅಲ್ಲಿಯ ಸಾಹೇಬರಿಗೆ ಹೊಟ್ಟೆ ಇಲ್ಲ. ನಿನಗೆ ಕಷ್ಟ ಆಗಬಹುದು."

ಹೊರಗೆ ಮೇಸ್ತ್ರಿ ನಾಲ್ಕನೆಯ ಪೆಟ್ಟಿಗೆಯನ್ನು ಹಳೆಯ ಜಾಗದಲ್ಲಿಟ್ಟು ತೆರೆದಿದ್ದರು. ಕತ್ತರಿಸಿದ ಕಂಬಳಿ ಅವರ ತೊಡೆಯ ಮೇಲಿತ್ತು. ಹುಳಗಳನ್ನು ಕೊಂದದ್ದು ಅದೇ ಎಂದು ಕಾಕ ಹೇಳಿಬಿಟ್ಟಿದ್ದರು. ಅವರು ಕಂಬಳಿಯನ್ನು ನೋಡಲಿಲ್ಲ, ಬಾಳೆ ನಾರಿನ ಗಂಟನ್ನು ನೋಡುತ್ತಿದ್ದರು.

"ಇದ್ ಯಾರ್ ಕಟ್ಟಿದ್?"

"ನಾನು."

"ಕಚ್ಚಿಲ್ಲೆನಾ?"

"ಇಲ್ಲ."

"ಅದ್ ಹೆಂಗೆ?"

ಅವರ ಬೆನ್ನ ಹಿಂದೆ ನೂರು ಸಲ ಮಾಡಿದ್ದನ್ನು ಮೊದಲ ಸಲ ಅವರ ಎದುರು ಮಾಡಿದೆ. ಬಲಗಾಲು ಎಳೆದೆ, ಬೆನ್ನು ಬಗ್ಗಿಸಿದೆ, ಬಾಯಿ ಮುಚ್ಚಿ ಗುಂಯ್‌ಗುಟ್ಟಿದೆ. ಅವರು ಕೈಯಲ್ಲಿದ್ದ ಚೌಕಟ್ಟನ್ನು ಹಾಗೇ ಹಿಡಿದು ಕೇಳಿದರು.

"ನಾ ಹಂಗೆ ಮಾಡ್ತನಾ?"

"ಹೌದು."

ತಾವು ಹಾಗೆ ದನಿ ಮಾಡುತ್ತೇವೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಅವರು ಚೌಕಟ್ಟನ್ನು ಪೆಟ್ಟಿಗೆಗೆ ಇಳಿಸಿ, ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಹುಳಗಳಿಗೆ ಕಿವಿಗೊಟ್ಟರು.

"ನಂದ್ ಅಷ್ಟು ಜೋರಲ್ಲ" ಎಂದರು.